ಗುಂಡಿ ಒತ್ತಿದರೆ ಕೆಮಿಸ್ಟ್ರಿ ಆಗುವುದಿಲ್ಲ
ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ತಿಂಗಳು ಬೇರೆ ಯಾವುದೋ ಪ್ರಶ್ನೆಗೆ ಉತ್ತರಿಸುವಾಗ, ವಿಜ್ಞಾನ ಮ್ಯೂಸಿಯಂಗಳಲ್ಲಿ ಕೆಮಿಸ್ಟ್ರಿಗೆ ಮೂಲೆಯೇ ಗತಿ ಎಂದು ಒಂದು ಸಾಲು ಸೇರಿಸಿದ್ದೆ. ಆ ಸಾಲನ್ನೇ ಹಿಡಿದುಕೊಂಡು ಇಷ್ಟೊಂದು ಜನ ಬರೆದಿದ್ದಾರೆ. ಮೊದಲು ಪಿಯು ಕಾಲೇಜಿನಲ್ಲಿ ಪಾಠ, ಆಮೇಲೆ ವಿಜ್ಞಾನ ಕೇಂದ್ರವೊಂದರಲ್ಲಿ ಡೆಮೋ ಮೇಜಿನ ಹಿಂದೆ ನಿಲ್ಲುವ ಕೆಲಸ ಮಾಡಿ ನಿವೃತ್ತಳಾದವಳು ನಾನು. ಇಂಥ ಪತ್ರ ಬಂದರೆ ಸುಮ್ನೆ ಇರುತ್ತೇನಾ? ಈ ಸಲ ಬೇರೆ ಪ್ರಶ್ನೆಗಳಿಗೆಲ್ಲ ರಜೆ.

ಪ್ರಶ್ನೆ: ಶಾಲೆಯ ಮಕ್ಕಳನ್ನು ದೊಡ್ಡದೊಂದು ವಿಜ್ಞಾನ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಉಗಿ ಎಂಜಿನ್, ಸೊಟ್ಟ ಕನ್ನಡಿ, ಕೂದಲು ನೆಟ್ಟಗೆ ನಿಲ್ಲಿಸುವ ವಿದ್ಯುತ್ ಗೋಳ, ಎಲ್ಲದರ ಮುಂದೆಯೂ ಗಲಾಟೆ. ಕೆಮಿಸ್ಟ್ರಿ ಅಂತ ಇದ್ದದ್ದು ಗೋಡೆಯ ಮೇಲೊಂದು ಚಾರ್ಟು, ಪ್ಲಾಸ್ಟಿಕ್ ಗುಂಡುಗಳ ಒಂದು ಮಾಡೆಲ್ಲು. ಯಾಕೆ ಹೀಗೆ?
– ಹೈಸ್ಕೂಲ್ ಶಿಕ್ಷಕಿ, ಹಾಸನ

ಉತ್ತರ: ಆ ಕೂದಲು ನಿಲ್ಲಿಸುವ ಗೋಳವನ್ನೇ ತಗೊಳ್ಳಿ. ಬೆಳಗ್ಗೆ ಸ್ವಿಚ್ ಹಾಕಿದರೆ ಸಂಜೆವರೆಗೂ ಅದೇ ಗೋಳ, ಅದೇ ಆಟ. ಲೋಲಕ ತೂಗಾಡಿ ಮತ್ತೆ ತನ್ನ ಜಾಗಕ್ಕೇ ಬಂದು ನಿಲ್ಲುತ್ತದೆ. ಕನ್ನಡಿಗೆ ಎಷ್ಟು ಜನ ಮುಖ ತೋರಿಸಿದರೂ ಅದು ಖರ್ಚಾಗುವುದಿಲ್ಲ. ಕೆಮಿಸ್ಟ್ರಿ ಹಾಗಲ್ಲ. ಒಂದು ಮಗು ಸುಣ್ಣದ ತಿಳಿಗೆ ಉಸಿರು ಊದಿ ಅದನ್ನು ಹಾಲಿನ ಬಣ್ಣಕ್ಕೆ ತಿರುಗಿಸಿತು ಅನ್ನಿ. ಮುಂದಿನ ಮಗುವಿಗೆ ಹೊಸ ತಿಳಿ ಬೇಕು, ಹೊಸ ಸ್ಟ್ರಾ ಬೇಕು, ಹಳೆಯದನ್ನು ಚೆಲ್ಲುವುದಕ್ಕೆ ಸಿಂಕ್ ಬೇಕು. ಇದ್ದದ್ದು ಹೋಗಿ ಇಲ್ಲದ್ದು ಹುಟ್ಟಿದರೆ ತಾನೇ ಅದು ರಸಾಯನಕ್ರಿಯೆ? ದೋಸೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಹೋಟೆಲ್ ನಡೆಸೋಕೆ ಆಗುತ್ತಾ? ಕಾವಲಿ ಮುಂದೆ ಒಬ್ಬರು ನಿಂತೇ ಇರಬೇಕು.

ಇದಕ್ಕೆ ಇತಿಹಾಸವೂ ಸ್ವಲ್ಪ ಕಾರಣ. ಮುಟ್ಟಿ, ತಿರುಗಿಸಿ, ಆಡಿ ಕಲಿಯುವ ಮ್ಯೂಸಿಯಂ ಎಂಬ ಮಾದರಿ ಜಗತ್ತಿಗೆಲ್ಲ ಹರಡಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂನಿಂದ. 1969ರಲ್ಲಿ ಅದನ್ನು ಶುರು ಮಾಡಿದ ಫ್ರಾಂಕ್ ಓಪನ್‌ಹೈಮರ್ ಭೌತವಿಜ್ಞಾನಿ, ಅಣುಬಾಂಬಿನ ಓಪನ್‌ಹೈಮರ್ ಅವರ ತಮ್ಮ. ಬೆಳಕು, ಶಬ್ದ, ಕಣ್ಣಿನ ಮೋಸ, ಇವೆಲ್ಲ ಆ ಮಾದರಿಗೆ ಹೇಳಿ ಮಾಡಿಸಿದ ವಿಷಯಗಳು. ನಮ್ಮ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಕೂಡ 1965ರಲ್ಲಿ ಜನರಿಗೆ ಬಾಗಿಲು ತೆರೆದದ್ದು ವಿದ್ಯುತ್ತಿನ ಗ್ಯಾಲರಿಯಿಂದಲೇ.

ಹಾಗಂತ ಯಾರೂ ಪ್ರಯತ್ನವೇ ಮಾಡಿಲ್ಲ ಅಂತಲ್ಲ. ಮ್ಯೂನಿಕ್‌ನಲ್ಲಿ ಓಸ್ಕರ್ ಫಾನ್ ಮಿಲ್ಲರ್ 1903ರಲ್ಲಿ ಕಟ್ಟಲು ಹೊರಟ ಡಾಯ್ಚಸ್ ಮ್ಯೂಸಿಯಂ 1925ರಲ್ಲಿ ನದಿ ನಡುವಿನ ದ್ವೀಪದ ಮೇಲೆ ಸ್ವಂತ ಕಟ್ಟಡದಲ್ಲಿ ತೆರೆಯಿತು. ಅಲ್ಲಿ ರಸವಾದಿಗಳ ಕಾಲದ ಪ್ರಯೋಗಾಲಯವನ್ನು ಮರುಸೃಷ್ಟಿ ಮಾಡಿದ್ದಲ್ಲದೆ, ಗುಂಡಿ ಒತ್ತಿದರೆ ಗಾಜಿನ ಹಿಂದೆ ನಿಜವಾದ ರಸಾಯನಕ್ರಿಯೆ ನಡೆಯುವ ಏರ್ಪಾಟೂ ಇತ್ತು. ಕೇಳೋಕೆ ಚೆನ್ನಾಗಿದೆ. ಆದರೆ ಆ ಗುಂಡಿಯ ಹಿಂದೆ ಬಾಟಲಿ ತುಂಬುವವರು, ಕೊಳವೆ ತೊಳೆಯುವವರು, ಹಿಡಿದುಕೊಂಡ ವಾಲ್ವ್ ಬಿಡಿಸುವವರು ದಿನಾ ಬೇಕು. ಪ್ಯಾರಿಸ್‌ನವರು ಇನ್ನೊಂದು ದಾರಿ ಹಿಡಿದರು. 1937ರಲ್ಲಿ ನೊಬೆಲ್ ವಿಜೇತ ಜಾನ್ ಪೆರಾನ್ ಮುಂದಾಳತ್ವದಲ್ಲಿ ಶುರುವಾದ ಪಾಲೆ ದ ಲಾ ದೆಕುವೆರ್ಟ್‌ನಲ್ಲಿ ಪ್ರಯೋಗ ಮಾಡಿ ತೋರಿಸುವವರೇ ಮುಖ್ಯ. ಮೇಜು, ಮೇಜಿನ ಹಿಂದೆ ಒಬ್ಬರು, ಮುಂದೆ ಬೆಂಚಿನ ಮೇಲೆ ಜನ. ನನ್ನ ಓಟು ಪ್ಯಾರಿಸ್‌ಗೆ.

ನಮ್ಮಲ್ಲಿ ಎಡವಟ್ಟಾಗುವುದು ದುಡ್ಡಿನ ಲೆಕ್ಕದಲ್ಲಿ. ಗ್ಯಾಲರಿ ಉದ್ಘಾಟನೆಗೆ ಹಣ ಸಿಗುತ್ತದೆ, ರಿಬ್ಬನ್ ಕತ್ತರಿಸಬಹುದಲ್ಲ. ಮೇಜಿನ ಹಿಂದೆ ನಿಲ್ಲುವವರ ಸಂಬಳಕ್ಕೆ, ಪ್ರತಿ ತಿಂಗಳ ಆಸಿಡ್ಡು, ಹತ್ತಿ, ಫಿಲ್ಟರ್ ಪೇಪರಿಗೆ ಹಣ ಕೇಳಿದರೆ ಕಡತ ಮುಂದೆ ಹೋಗುವುದಿಲ್ಲ. ಅದಕ್ಕೇ ಚಾರ್ಟು. ಚಾರ್ಟಿಗೆ ಸಂಬಳ ಕೊಡಬೇಕಾಗಿಲ್ಲ.

ತಾವೇ ಮೊದಲಿನ ಸ್ಥಿತಿಗೆ ಮರಳುವ ರಸಾಯನಗಳೂ ಕೆಲವು ಇವೆ. ನನಗೆ ಬಹಳ ಇಷ್ಟವಾದದ್ದು ನೈಟ್ರೋಜನ್ ಡೈಆಕ್ಸೈಡ್ ತುಂಬಿ ಬಾಯಿ ಬೆಸೆದ ಗಾಜಿನ ಕೊಳವೆ. ಬಿಸಿನೀರಲ್ಲಿ ಅದ್ದಿದರೆ ಒಳಗಿನ ಅನಿಲ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗುತ್ತದೆ. ಮಂಜುಗಡ್ಡೆಯಲ್ಲಿಟ್ಟರೆ ಬಣ್ಣ ಆರಿ ಹೆಚ್ಚುಕಡಿಮೆ ಖಾಲಿ ಕೊಳವೆಯಂತೆ ಕಾಣುತ್ತದೆ. ತಂಪಿನಲ್ಲಿ ಎರಡೆರಡು ಅಣುಗಳು ಜೋಡಿಯಾಗಿ ಬಣ್ಣವಿಲ್ಲದ ಇನ್ನೊಂದು ವಸ್ತು ಆಗುತ್ತವೆ, ಬಿಸಿಯಲ್ಲಿ ಜೋಡಿ ಬಿಟ್ಟುಹೋಗುತ್ತದೆ. ಅಷ್ಟೇ. ಏನೂ ಖರ್ಚಾಗದು, ವರ್ಷಗಟ್ಟಲೆ ನಡೆಯುತ್ತದೆ. ವಿಷಾನಿಲ ಆದ್ದರಿಂದ ಕೊಳವೆಯನ್ನು ಮಕ್ಕಳ ಕೈಗೆ ಕೊಡುವಂತಿಲ್ಲ, ದಪ್ಪ ಪಾರದರ್ಶಕ ಪೆಟ್ಟಿಗೆಯೊಳಗಿಟ್ಟು ಹೊರಗಿನಿಂದ ಹಿಡಿಕೆ ತಿರುಗಿಸುವಂತೆ ಮಾಡಬೇಕು. ನೀರನ್ನು ವಿದ್ಯುತ್ತಿನಿಂದ ಒಡೆಯುವ ಉಪಕರಣವೂ ಒಳ್ಳೆಯದು. ಒಂದು ಕೊಳವೆಯಲ್ಲಿ ಇನ್ನೊಂದರ ಎರಡರಷ್ಟು ಗುಳ್ಳೆ ತುಂಬುತ್ತದೆ. ಎರಡನ್ನೂ ಕೂಡಿಸಿ ಕಿಡಿ ತಾಗಿಸಿದರೆ ಟಪ್ ಅಂತ ಸದ್ದು, ಮತ್ತೆ ನೀರು. ಇಂಥವನ್ನು ಇಟ್ಟರೆ ಮೂಲೆಗೂ ಸ್ವಲ್ಪ ಮರ್ಯಾದೆ ಬರುತ್ತದೆ. ಆದರೂ ಪಕ್ಕದಲ್ಲಿ ಒಬ್ಬರು ನಿಂತು, "ಎರಡರಷ್ಟು ಯಾಕೆ ಬಂತು?" ಅಂತ ಕೇಳದಿದ್ದರೆ ಮಕ್ಕಳು ಟಪ್ ಕೇಳಿಸಿಕೊಂಡು ಓಡುತ್ತಾರೆ.

ಪ್ರಶ್ನೆ: ಕಾಲೇಜಿನ ಡೆಮೋ ಒಂದರಲ್ಲಿ ಬೀಕರ್‌ನ ದ್ರಾವಣ ಬಣ್ಣವಿಲ್ಲದ್ದು, ಚಿನ್ನದ ಬಣ್ಣ, ಕಡುನೀಲಿ, ಮತ್ತೆ ಬಣ್ಣವಿಲ್ಲದ್ದು ಹೀಗೆ ತಾನೇ ಬದಲಾಗುತ್ತಾ ಇತ್ತು. ಅದನ್ನು ಮುಟ್ಟಿದವರೇ ಇಲ್ಲ. ಏನದು?
– ಬಿಎಸ್ಸಿ ವಿದ್ಯಾರ್ಥಿ, ತುಮಕೂರು

ಉತ್ತರ: ಅದು ಬ್ರಿಗ್ಸ್-ರಾಷರ್ ಕ್ರಿಯೆ. ಕಂಡುಹಿಡಿದವರು ದೊಡ್ಡ ಸಂಶೋಧನಾಲಯದವರಲ್ಲ, ಸ್ಯಾನ್ ಫ್ರಾನ್ಸಿಸ್ಕೋದ ಗೆಲಿಲಿಯೋ ಹೈಸ್ಕೂಲಿನ ಇಬ್ಬರು ಮೇಷ್ಟ್ರುಗಳು, 1973ರಲ್ಲಿ. ಹೈಡ್ರೋಜನ್ ಪೆರಾಕ್ಸೈಡ್, ಅಯೋಡೇಟ್, ಮೆಲೋನಿಕ್ ಆಮ್ಲ, ಸ್ವಲ್ಪ ಮ್ಯಾಂಗನೀಸ್ ಲವಣ, ಗಂಜಿ. ಅಯೋಡಿನ್ ಹುಟ್ಟಿದಾಗ ಚಿನ್ನದ ಬಣ್ಣ, ಅಯೋಡೈಡ್ ಜೊತೆ ಸೇರಿ ಅದು ಗಂಜಿಗೆ ಸಿಕ್ಕಿದಾಗ ನೀಲಿ, ಖರ್ಚಾದಾಗ ಬಣ್ಣ ಮಾಯ. ಹುಟ್ಟಿಸುವ ಕ್ರಿಯೆ, ನುಂಗುವ ಕ್ರಿಯೆ ಎರಡೂ ಸರದಿಯ ಮೇಲೆ ಮೇಲುಗೈ ಪಡೆಯುತ್ತವೆ. ಕೆಲವು ನಿಮಿಷ ಆಡಿ ಕೊನೆಗೆ ನೀಲಿಯಲ್ಲೇ ನಿಲ್ಲುತ್ತದೆ.

ಇದಕ್ಕಿಂತ ಹಳೆಯದು ರಷ್ಯಾದ ಬೆಲೊಸೊವ್ ಅವರದು. 1950ರ ದಶಕದ ಶುರುವಿನಲ್ಲಿ ಅವರು ಇಂಥದ್ದನ್ನು ಕಂಡು ಬರೆದು ಕಳಿಸಿದರೆ, ಹೀಗೆ ಆಗೋಕೆ ಸಾಧ್ಯವೇ ಇಲ್ಲ ಅಂತ ಪತ್ರಿಕೆಯವರು ವಾಪಸ್ ಕಳಿಸಿದರು. ಆಮೇಲೆ ಜಬೊಟಿನ್‌ಸ್ಕಿ ಎಂಬ ಇನ್ನೊಬ್ಬ ವಿಜ್ಞಾನಿ ಅದನ್ನು ಮುಂದುವರಿಸಿದರು. 1980ರಲ್ಲಿ ಈ ಕೆಲಸಕ್ಕೆ ಲೆನಿನ್ ಪ್ರಶಸ್ತಿ ಬಂದಾಗ ಬೆಲೊಸೊವ್ ತೀರಿಹೋಗಿ ಹತ್ತು ವರ್ಷ ಆಗಿತ್ತು. ಡೆಮೋ ಮಾಡುವವರಿಗೆ ಒಂದು ಮಾತು: ಮುಗಿದ ಮೇಲೆ ಬೀಕರ್‌ನಲ್ಲಿ ಅಯೋಡಿನ್ ಉಳಿದಿರುತ್ತದೆ. ಚೆಲ್ಲುವ ಮೊದಲು, ಅಯೋಡಿನ್ ಕಳೆಯುವ ಥಯೋಸಲ್ಫೇಟ್ ಎಂಬ ಲವಣ ಹಾಕಿ.

ಪ್ರಶ್ನೆ: ಮಗನ ಶಾಲೆಯ ವಸ್ತುಪ್ರದರ್ಶನದಲ್ಲಿ ಪ್ರತಿವರ್ಷ ಜ್ವಾಲಾಮುಖಿ ಇರುತ್ತದೆ. ಕಿತ್ತಳೆ ಬಣ್ಣದ ಪುಡಿಗೆ ಬೆಂಕಿ ಕೊಟ್ಟರೆ ಕಿಡಿ ಹಾರಿ ಹಸಿರು ಬೂದಿ ಉಕ್ಕುತ್ತದೆ. ಸುತ್ತಲೂ ಮಕ್ಕಳು ಬಗ್ಗಿ ನೋಡುತ್ತಾರೆ. ಇದರಲ್ಲಿ ಅಪಾಯ ಇಲ್ವಾ?
– ತಂದೆಯೊಬ್ಬರು, ದಾವಣಗೆರೆ

ಉತ್ತರ: ಇದೆ. ಶಾಲೆಯವರಿಗೆ ಹೇಳಿ ನಿಲ್ಲಿಸಿ. ಆ ಕಿತ್ತಳೆ ಪುಡಿ ಅಮೋನಿಯಂ ಡೈಕ್ರೋಮೇಟ್. ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್ ತರುವ ಬಗೆಯದು. ಹಸಿರು ಬೂದಿಯ ಜೊತೆ ಉರಿಯದೆ ಉಳಿದ ಪುಡಿಯೂ ಗಾಳಿಗೆ ಹಾರುತ್ತದೆ, ಬಗ್ಗಿ ನೋಡುವವರ ಮೂಗಿಗೆ ಹೋಗುತ್ತದೆ. ಉಕ್ಕುವುದೇ ಬೇಕು ಅಂದರೆ ಅಡುಗೆ ಸೋಡಾ, ನಿಂಬೆರಸ ಸಾಕು.

ಇನ್ನೂ ಕೆಟ್ಟದ್ದು ಮೆಥನಾಲ್ ಎಂಬ, ಥಟ್ಟನೆ ಹೊತ್ತಿಕೊಳ್ಳುವ ಸ್ಪಿರಿಟ್ ಸುರಿದು ಬಣ್ಣದ ಬೆಂಕಿ ತೋರಿಸುವ ಆಟ. 2014ರಲ್ಲಿ ಅಮೆರಿಕದ ರೀನೋ ಊರಿನ ಮ್ಯೂಸಿಯಂ ಒಂದರಲ್ಲಿ ಬೆಂಕಿಯ ಸುಂಟರಗಾಳಿ ತೋರಿಸುವಾಗ ಮೆಥನಾಲ್ ಭಗ್ಗೆಂದು ಹತ್ತಿಕೊಂಡಿತು. ನೋಡುತ್ತ ಕೂತಿದ್ದ ಮಕ್ಕಳಿಗೆ ಗಾಯವಾಯಿತು. ಮೆಥನಾಲ್ ಉರಿ ಬೆಳಕಿನಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ದೊಡ್ಡ ಬಾಟಲಿಯಿಂದ ಮತ್ತೆ ಸುರಿದರೆ ಬೆಂಕಿ ಬಾಟಲಿಗೇ ಹತ್ತುತ್ತದೆ.

ಬೆಂಕಿಯೇ ಬೇಕಾದರೆ ಒಂದು ಮೇಣದ ಬತ್ತಿ ತನ್ನಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು 1825ರಲ್ಲಿ ಶುರುವಾದವು. ಅಲ್ಲಿ ಮೈಕಲ್ ಫ್ಯಾರಡೆ ಒಂದು ಮೇಣದ ಬತ್ತಿಯನ್ನೇ ಇಟ್ಟುಕೊಂಡು ಆರು ಉಪನ್ಯಾಸ ಕೊಟ್ಟಿದ್ದಾರೆ. ಅದರಲ್ಲಿ ಒಂದು ಪ್ರಯೋಗ ಹೀಗಿದೆ. ಚೆನ್ನಾಗಿ ಉರಿದ ಬತ್ತಿಯನ್ನು ಮೆಲ್ಲಗೆ ಊದಿ ಆರಿಸಿ. ಬೆಳ್ಳನೆಯ ಎಳೆಯೊಂದು ಮೇಲೇಳುತ್ತದೆ. ಅದು ಬರೀ ಹೊಗೆಯಲ್ಲ, ಆವಿಯಾದ ಮೇಣ. ಉರಿಯುವ ಕಡ್ಡಿಯನ್ನು ಬತ್ತಿಯಿಂದ ಎರಡು ಬೆರಳು ಮೇಲೆ ಆ ಎಳೆಗೆ ತಾಗಿಸಿ. ಬೆಂಕಿ ಎಳೆಯನ್ನು ಹಿಡಿದು ಕೆಳಕ್ಕೆ ಜಿಗಿದು ಬತ್ತಿ ಮತ್ತೆ ಹೊತ್ತಿಕೊಳ್ಳುತ್ತದೆ. ಉರಿಯುವುದು ಬತ್ತಿಯೂ ಅಲ್ಲ, ಗಟ್ಟಿ ಮೇಣವೂ ಅಲ್ಲ, ಆವಿ ಎಂಬುದು ಮಕ್ಕಳಿಗೆ ಕಣ್ಣೆದುರೇ ಗೊತ್ತಾಗುತ್ತದೆ. ಗಾಳಿ ಆಡಬಾರದು, ಫ್ಯಾನ್ ಆಫ್ ಮಾಡಿ. ಮೊದಲನೆಯದನ್ನು ನೀವು ಮಾಡಿ, ಎರಡನೆಯದನ್ನು ಮಗುವಿನ ಕೈಲಿ ನಿಮ್ಮೆದುರೇ ಮಾಡಿಸಿ.

ಪ್ರಶ್ನೆ: ಪವಾಡ ಬಯಲು ಕಾರ್ಯಕ್ರಮಗಳಲ್ಲಿ ನಾನೂ ಪ್ರಯೋಗ ತೋರಿಸುತ್ತೇನೆ. ಕಡ್ಡಿ ಗೀರದೆ ಬೆಂಕಿ ಬರಿಸಿದರೆ ಜನ ಚಪ್ಪಾಳೆ ಹೊಡೆಯುತ್ತಾರೆ. ಇದೂ ಕೆಮಿಸ್ಟ್ರಿ ಪ್ರಚಾರವೇ ಅಲ್ವಾ?
– ನಿವೃತ್ತ ಶಿಕ್ಷಕ, ಗದಗ

ಉತ್ತರ: ಅರ್ಧ ಹೌದು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಆ ಧೈರ್ಯದ ಪರಂಪರೆ ನಿಮ್ಮದು, ನನಗೆ ಅದರ ಮೇಲೆ ಗೌರವ ಇದೆ. ಆದರೆ ಎಷ್ಟೋ ಕಾರ್ಯಕ್ರಮಗಳಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಮೇಲೆ ಗ್ಲಿಸರಿನ್ ಹನಿಸಿ, ಬೆಂಕಿ ಬಂದ ಮೇಲೆ "ಇದು ಕೆಮಿಕಲ್, ಪವಾಡ ಅಲ್ಲ" ಎಂದು ಮುಗಿಸಿಬಿಡುತ್ತಾರೆ. ಕೇಳಿದವನಿಗೆ ಸ್ವಾಮಿಯ ಜಾಗದಲ್ಲಿ ಕೆಮಿಕಲ್ ಬಂತು, ಅಷ್ಟೇ. ಗ್ಲಿಸರಿನ್ ಹಾಕಿದ ಮೇಲೆ ಬೆಂಕಿ ಬರಲು ಸ್ವಲ್ಪ ಹೊತ್ತು ಯಾಕೆ ಹಿಡಿಯಿತು? ಪುಡಿಯನ್ನು ಇನ್ನೂ ನುಣ್ಣಗೆ ಅರೆದರೆ ಬೇಗ ಬರುತ್ತದೆಯೇ? ಈ ಪ್ರಶ್ನೆ ಕೇಳಿ, ಬಾಟಲಿಗಳ ಹೆಸರನ್ನು ಜನರ ಕಡೆ ತಿರುಗಿಸಿಡಿ. ಆಗ ಪೂರ್ತಿ ಹೌದು ಅನ್ನುತ್ತೇನೆ.

ಪ್ರಶ್ನೆ: ನಮ್ಮ ಶಾಲೆಯ ಹಳೇ ವಿದ್ಯಾರ್ಥಿಗಳು ಆವರ್ತ ಕೋಷ್ಟಕವನ್ನು ನಿಜವಾದ ಮೂಲವಸ್ತುಗಳ ಸಮೇತ ಮಾಡಿಸಿಕೊಡುತ್ತೇವೆ ಎಂದಿದ್ದಾರೆ. ಏನೇನು ಇಡಬಹುದು?
– ಮುಖ್ಯ ಶಿಕ್ಷಕ, ಕಲಬುರಗಿ

ಉತ್ತರ: 118 ಮನೆ ಇವೆ, ಎಲ್ಲವನ್ನೂ ತುಂಬುವ ಹಟ ಬೇಡ. ಕೊನೆಯವು ಕೆಲವೇ ಪರಮಾಣುಗಳಾಗಿ ಹುಟ್ಟಿ ಕ್ಷಣದಲ್ಲಿ ಸಾಯುವವು. ಖಾಲಿ ಬಿಡಿ. ಫ್ಲೋರಿನ್ ಬದಲು ಫ್ಲೋರೈಟ್ ಕಲ್ಲು, ಕ್ಲೋರಿನ್ ಮತ್ತು ಸೋಡಿಯಂಗೆ ಉಪ್ಪಿನ ಹರಳು. ಸೋಡಿಯಂ ಲೋಹವನ್ನು ಎಣ್ಣೆಯಲ್ಲಿಟ್ಟು ಶಾಲೆಯಲ್ಲಿ ತೋರಿಸುವ ಧೈರ್ಯ ಮಾಡಬೇಡಿ, ಪಾದರಸವೂ ಬೇಡ. ಉಳಿದದ್ದು ಊರಲ್ಲೇ ಸಿಗುತ್ತದೆ. ಪೆನ್ಸಿಲ್ಲಿನ ಕಡ್ಡಿಯಲ್ಲಿ ಕಾರ್ಬನ್, ಹಳೇ ಬಲ್ಬಿನ ತಂತಿಯಲ್ಲಿ ಟಂಗ್‌ಸ್ಟನ್, ಕೆಟ್ಟುಹೋದ ಇಯರ್‌ಫೋನಿನ ಆಯಸ್ಕಾಂತದಲ್ಲಿ ನಿಯೋಡಿಮಿಯಂ, ಸೋಲಾರ್ ಫಲಕದ ಚೂರಿನಲ್ಲಿ ಸಿಲಿಕಾನ್. ತವರಕ್ಕೆ ಕಲಾಯಿ ಹಾಕುವವರನ್ನು ಕೇಳಿ. ಇನ್ನೂ ಆ ಕೆಲಸ ಮಾಡುವವರು ಸಿಕ್ಕರೆ ಅವರನ್ನೇ ಒಂದು ದಿನ ಶಾಲೆಗೆ ಕರೆಸಿ, ಮಾದರಿಗಿಂತ ಅದು ಮೇಲು.

ಒಂದು ವಸ್ತುವಿಗೆ ಮಾತ್ರ ದುಡ್ಡು ಖರ್ಚು ಮಾಡಿ: ಗ್ಯಾಲಿಯಂ. ಅದು ಕರಗುವುದು 29.8 ಡಿಗ್ರಿಗೆ. ಬೆಂಗಳೂರಿನ ಮ್ಯೂಸಿಯಂನಲ್ಲಿ ಅದನ್ನು ಕರಗಿಸಲು ಅಂಗೈ ಬೇಕು. ನಿಮ್ಮ ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಬೀರು ತೆಗೆದರೆ ಅದಾಗಲೇ ಪಾದರಸದಂತೆ ಹೊಳೆಯುತ್ತ ನೀರಾಗಿರುತ್ತದೆ, ಡಿಸೆಂಬರ್ ಬೆಳಗ್ಗೆ ಗಟ್ಟಿ. ಇಂಥ ಎಕ್ಸಿಬಿಟ್ ಬೆಂಗಳೂರಿನವರಿಗೆ ಪುಕ್ಕಟೆ ಸಿಗುವುದಿಲ್ಲ ನೋಡಿ! ಗಟ್ಟಿಮುಟ್ಟಾದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಗಟ್ಟಿಯಾಗುವಾಗ ಅದು ಹಿಗ್ಗುತ್ತದೆ, ಗಾಜಾದರೆ ಬಿರುಕು ಬಿಡಬಹುದು. ಇನ್ನೊಂದು ಎಚ್ಚರ: ಕೋಷ್ಟಕದ ಚೌಕಟ್ಟು ಅಲ್ಯೂಮಿನಿಯಂ ಆಗಿದ್ದರೆ ಗ್ಯಾಲಿಯಂ ಅದಕ್ಕೆ ತಾಗಬಾರದು. ತಾಗಿದರೆ ಅಲ್ಯೂಮಿನಿಯಂ ಪುಡಿಪುಡಿಯಾಗುತ್ತದೆ.

ಗ್ಯಾಲಿಯಂ ಕೆಳಗೆ ಅದರ ಕಥೆಯನ್ನೂ ಬರೆಸಿ. ಮೆಂಡಲೀವ್ 1869ರಲ್ಲಿ ಕೋಷ್ಟಕ ಮಾಡಿದಾಗ ಅಲ್ಯೂಮಿನಿಯಂ ಕೆಳಗೆ ಒಂದು ಮನೆ ಖಾಲಿ ಬಿಟ್ಟು, ಅಲ್ಲಿಗೆ ಬರುವ ಲೋಹ ಹೇಗಿರುತ್ತದೆ ಎಂದು ಮೊದಲೇ ಹೇಳಿದರು. 1875ರಲ್ಲಿ ಫ್ರಾನ್ಸಿನ ಬುವಾಬೋದ್ರಾನ್ ಆ ಲೋಹವನ್ನು ಕಂಡುಹಿಡಿದು ಸಾಂದ್ರತೆ 4.7 ಅಂದರು. ಲೋಹವನ್ನು ಕಣ್ಣಿಂದಲೂ ನೋಡಿರದ ಮೆಂಡಲೀವ್, ಮತ್ತೆ ಅಳೆಯಿರಿ, ಸುಮಾರು 6 ಬರಬೇಕು ಅಂದರು. ಶುದ್ಧ ಮಾಡಿ ಅಳೆದರೆ 5.9 ಬಂತು. ಕೋಷ್ಟಕ ಯಾಕೆ ಬೇಕು ಎಂದು ಕೇಳುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಪ್ರಶ್ನೆ: ಈಗ ಮೊಬೈಲ್‌ನಲ್ಲೇ ವರ್ಚುವಲ್ ಲ್ಯಾಬ್ ಇದೆ. ಖರ್ಚಿಲ್ಲ, ಅಪಾಯವಿಲ್ಲ. ಮ್ಯೂಸಿಯಂಗೆ ಒಂದು ದೊಡ್ಡ ಸ್ಕ್ರೀನ್ ಹಾಕಿದರೆ ಸಾಲದಾ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಅಣು ಹೇಗೆ ಕುಣಿಯುತ್ತದೆ ಎಂದು ತೋರಿಸಲು ಸ್ಕ್ರೀನ್ ಒಳ್ಳೆಯದು, ಅದನ್ನು ಕಣ್ಣಿಂದ ನೋಡಲು ಆಗುವುದಿಲ್ಲವಲ್ಲ. ಆದರೆ ಸ್ಕ್ರೀನಿಗೆ ವಾಸನೆ ಇಲ್ಲ, ಬಿಸಿ ಇಲ್ಲ. ಸ್ಕ್ರೀನ್ ಮೇಲೆ ಪ್ರಯೋಗ ಕೈಕೊಡುವುದೂ ಇಲ್ಲ. ಮನೆಯಲ್ಲೇ ಸಿಗುವುದನ್ನು ನೋಡಲು ಟಿಕೆಟ್ ತಗೊಂಡು ಯಾಕೆ ಬರಬೇಕು?

ಪ್ರಶ್ನೆ: ಕರ್ನಾಟಕದ್ದೇ ಆದ ಒಂದು ಕೆಮಿಸ್ಟ್ರಿ ಗ್ಯಾಲರಿ ಮಾಡಲು ನಿಮಗೆ ಹೇಳಿದರೆ ಏನೇನು ಇಡುತ್ತೀರಿ?
– ಕನ್ನಡಿಗ, ಮ್ಯೂನಿಕ್

ಉತ್ತರ: ಡಾಯ್ಚಸ್ ಮ್ಯೂಸಿಯಂ ಊರಿನಲ್ಲಿದ್ದುಕೊಂಡು ನನ್ನ ಆಸೆ ಕೆರಳಿಸುತ್ತೀರಲ್ಲ! ಮೊದಲ ಮೇಜು ಬೀದರಿನದು. ಬಿದ್ರಿ ಪಾತ್ರೆ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಎರಕ ಹೊಯ್ದು ನಯ ಮಾಡಿದ ಮೇಲೆ ಕುಶಲಕರ್ಮಿ ಅದಕ್ಕೆ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ನೀರು ಸವರುತ್ತಾರೆ. ಬೆಳ್ಳಗಿದ್ದ ಲೋಹ ಕಪ್ಪಾಗುತ್ತದೆ, ಅದರ ಮೇಲೆ ಚಿತ್ರ ಗೀರಿದರೆ ಗೆರೆ ಬೆಳ್ಳಗೆ ಕಾಣುತ್ತದೆ. ಹೈಸ್ಕೂಲ್ ಪುಸ್ತಕದಲ್ಲಿ ಸ್ಥಾನಪಲ್ಲಟ ಕ್ರಿಯೆ ಎಂದು ಬಾಯಿಪಾಠ ಮಾಡಿಸುತ್ತಾರಲ್ಲ, ಅದೇ ಇದು: ಸತು ಕರಗಿ ತಾಮ್ರ ಕೂರುತ್ತದೆ. ಈ ಕಪ್ಪು ತಾತ್ಕಾಲಿಕ. ಬೆಳ್ಳಿ ತಂತಿ ಕೂರಿಸಿ ಉಜ್ಜಿದ ಮೇಲೆ ಕೊನೆಯ ಕಪ್ಪು ಬರುವುದು ಬೀದರ್ ಕೋಟೆಯ ಹಳೇ ಮಣ್ಣು, ನವಸಾಗರ ಕೂಡಿಸಿದ ದ್ರಾವಣದಿಂದ. ಸತುವಿನ ಮಿಶ್ರಲೋಹ ಕಾಡಿಗೆಯಂತಾಗುತ್ತದೆ, ಬೆಳ್ಳಿ ಜಗ್ಗುವುದಿಲ್ಲ. ಇದನ್ನು ಗಾಜಿನ ಹಿಂದೆ ಹೂಜಿ ಇಟ್ಟು ತೋರಿಸಿದರೆ ಕರಕುಶಲ ಮ್ಯೂಸಿಯಂ. ಕುಶಲಕರ್ಮಿಯನ್ನು ಸಂಬಳ ಕೊಟ್ಟು ಕೂರಿಸಿ, ನೋಡುವವರ ಮುಂದೆಯೇ ಪಾತ್ರೆಯನ್ನು ದ್ರಾವಣದಲ್ಲಿ ಅದ್ದಿ ತೆಗೆದರೆ ಕೆಮಿಸ್ಟ್ರಿ ಮ್ಯೂಸಿಯಂ.

ಎರಡನೆಯದು ಮೈಸೂರಿನದು. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಮೈಸೂರು ಪೇಂಟ್ಸ್, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಮತದಾನದ ಶಾಯಿ ಕೊಡುತ್ತಿದೆ. ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಚರ್ಮದ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗಿ, ಬೆಳಕಿಗೆ ನುಣ್ಣನೆಯ ಬೆಳ್ಳಿಯ ಕಣಗಳಾಗಿ ಕಪ್ಪಾಗುತ್ತದೆ. ಸೋಪಿಗೆ ಹೋಗದು, ಚರ್ಮವೇ ಉದುರಬೇಕು. ಗ್ಯಾಲರಿಯಲ್ಲಿ ಇದೇ ಕ್ರಿಯೆಯನ್ನು ಕಾಗದದ ಮೇಲೆ ಮಾಡಿಸುತ್ತೇನೆ. ಉಪ್ಪುನೀರಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಸಿಬ್ಬಂದಿ ಕೈಗವಸು ಹಾಕಿಕೊಂಡು ಸಿಲ್ವರ್ ನೈಟ್ರೇಟ್ ಸವರುತ್ತಾರೆ. ಅದರ ಮೇಲೆ ಮಗು ಒಂದು ಎಲೆ ಇಟ್ಟು ಬಿಸಿಲಿಗೆ ಹಿಡಿಯುತ್ತದೆ. ಎಲೆಯ ನೆರಳು ಬಿದ್ದಷ್ಟು ಜಾಗ ಬಿಟ್ಟು ಉಳಿದದ್ದೆಲ್ಲ ಕಂದು. 1830ರ ದಶಕದಲ್ಲಿ ಇಂಗ್ಲೆಂಡಿನ ಟಾಲ್ಬಟ್ ಫೋಟೋ ತೆಗೆಯಲು ಶುರು ಮಾಡಿದ್ದು ಹೀಗೆಯೇ. ಓಟಿನ ಗುರುತು, ಫೋಟೋ ಎರಡೂ ಒಂದೇ ಮೇಜಿನ ಮೇಲೆ ಬಂತು.

ಗಂಧದ ಎಣ್ಣೆಗೆ ಒಂದು ಪುಟ್ಟ ಭಟ್ಟಿ ಇರಲೇಬೇಕು. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧವನ್ನು ಯುರೋಪಿಗೆ ಕಳಿಸಲು ಆಗದೆ ಮೈಸೂರು ಸರ್ಕಾರ ತಾನೇ ಎಣ್ಣೆ ತೆಗೆಯಲು ಹೊರಟಿತು, ಅದರ ಹಿಂದೆಯೇ ಸೋಪು ಬಂತು. ದಿನಕ್ಕೊಮ್ಮೆ ಭಟ್ಟಿ ಹಚ್ಚಿದರೆ ಗ್ಯಾಲರಿಗೆ ದಾರಿ ತೋರಿಸಲು ಬೋರ್ಡೇ ಬೇಡ. ಕೋಲಾರದ ಚಿನ್ನದ ಬಗ್ಗೆ ನನಗೆ ಎರಡು ಮನಸ್ಸು. ಪುಡಿ ಮಾಡಿದ ಕಲ್ಲಿನಿಂದ ಸೈನೈಡ್ ಚಿನ್ನವನ್ನು ಕರಗಿಸಿ ತೆಗೆಯುತ್ತದೆ, ಅದ್ಭುತವಾದ ಕೆಮಿಸ್ಟ್ರಿ. 2001ರಲ್ಲಿ ಗಣಿ ಮುಚ್ಚಿತು, ಚಿನ್ನ ತೆಗೆದು ಬಿಟ್ಟ ಪುಡಿಯ ಸೈನೈಡ್ ದಿಬ್ಬಗಳು ಉಳಿದಿವೆ, ಗಾಳಿಗಾಲದಲ್ಲಿ ಆ ಧೂಳು ಊರಿನೊಳಗೇ ಬರುತ್ತದೆ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡುವ ಗ್ಯಾಲರಿ ಮಾಡಲು ನಾನು ಒಪ್ಪುವುದಿಲ್ಲ. ಕಂಪನಿಗಳ ಪ್ರಾಯೋಜಕತ್ವದಲ್ಲಿ ಆಗುವ ಎಷ್ಟೋ ಪ್ರದರ್ಶನಗಳು ಜನರಿಗೆ ರುಚಿಸದಿರುವುದು ಇದಕ್ಕೇ, ಅಲ್ಲಿ ಎಲ್ಲ ಕೆಮಿಕಲ್ಲೂ ಬಂಗಾರ.

ಪ್ರಶ್ನೆ: ನಮ್ಮದು ಅಡಿಕೆ ಊರು. ಗ್ರಂಥಾಲಯದ ಜಗಲಿಯಲ್ಲಿ ತಿಂಗಳಿಗೊಮ್ಮೆ ಒಂದು ಮೇಜು ಹಾಕಿ ಕೆಮಿಸ್ಟ್ರಿ ತೋರಿಸಬೇಕು ಅಂತ ನಮ್ಮ ಮಹಿಳಾ ಮಂಡಳಿಯ ಆಸೆ. ಲ್ಯಾಬಿನ ಸಾಮಾನು ಏನೂ ಇಲ್ಲ. ದೊಡ್ಡವರೂ ಬಂದು ನಿಲ್ಲುವ ಹಾಗೆ ಏನು ಮಾಡಬಹುದು?
– ಗೃಹಿಣಿ, ಶಿರಸಿ ತಾಲ್ಲೂಕು

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಬಹಳ ಖುಷಿ ಕೊಟ್ಟದ್ದು ನಿಮ್ಮದು. ದೊಡ್ಡವರು ಬಂದು ನಿಲ್ಲಬೇಕು ಅಂದರೆ ಅವರಿಗೆ ನಿಮಗಿಂತ ಜಾಸ್ತಿ ಗೊತ್ತಿರುವ ವಿಷಯ ಇಡಿ. ಮೇ ಕೊನೆಯಲ್ಲಿ ಮೊದಲ ಮೇಜು ಹಾಕಿ, ವಿಷಯ ಬೋರ್ಡೋ ಮಿಶ್ರಣ. ಕೊಳೆರೋಗಕ್ಕೆ ಮಳೆಗಾಲದ ಮುಂಚೆ ಅಡಿಕೆ ಗೊನೆಗಳಿಗೆ ಹೊಡೆಯುವುದು ಇದನ್ನೇ ಅಲ್ವಾ? ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲೆ ಕೆಲಸ ಮಾಡಿ ಇದನ್ನು ಅಡಿಕೆಗೆ ಬಳಕೆಗೆ ತಂದರು.

ತೋಟಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಿಮ್ಮ ಮೇಜಿಗೆ ಒಂದು ಲೀಟರಿಗೆ ಹತ್ತತ್ತು ಗ್ರಾಂ ಸಾಕು. ಎರಡು ಪ್ಲಾಸ್ಟಿಕ್ ಮಗ್‌ಗಳಲ್ಲಿ ಅರ್ಧರ್ಧ ಲೀಟರ್ ನೀರಿಗೆ ಬೇರೆ ಬೇರೆ ಕರಗಿಸಿ. ಆಮೇಲೆ ಹೊಳೆಯುವಂತೆ ಉಜ್ಜಿದ ಕಬ್ಬಿಣದ ಚಾಕುವನ್ನು ಬರೀ ಮೈಲುತುತ್ತದ ನೀರಿಗೆ ಒಂದು ನಿಮಿಷ ಅದ್ದಿ ತೆಗೆಯಿರಿ, ಅಲಗಿನ ಮೇಲೆ ಕೆಂಪು ತಾಮ್ರ ಕೂತಿರುತ್ತದೆ. ಅದನ್ನು ಕೈಯಿಂದ ಕೈಗೆ ಕೊಡಿ, ಒರೆಸಿ ನೋಡಲಿ. ಸ್ಟೀಲ್ ಚಾಕು ಬೇಡ, ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಈಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ. ಆಕಾಶನೀಲಿ ಬಣ್ಣದ ಮೊಸರಿನಂಥದ್ದು ಸಿಗುತ್ತದೆ. ಚಾಕು ಉಜ್ಜಿ ಮತ್ತೆ ಅದ್ದಿ. ತಾಮ್ರ ಕೂರದಿದ್ದರೆ ಸರಿಯಾಗಿದೆ ಅಂತ ಅರ್ಥ. ಕೂತರೆ ಸುಣ್ಣ ಸಾಲದು, ಸುಣ್ಣದ ಜೊತೆ ಕೂಡದೆ ಉಳಿದ ತಾಮ್ರ ಎಲೆ ಸುಡುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಹಿಂದೆ ನಿಂತಿರುವ ತೋಟದವರು ಯಾರಾದರೂ ಮುಂದೆ ಬಂದು, ನಾವು ಹೀಗಲ್ಲ ಮಾಡುವುದು ಎಂದು ಶುರು ಮಾಡುತ್ತಾರೆ. ಚಾಕು ಅವರ ಕೈಗೆ ಕೊಟ್ಟುಬಿಡಿ. ಬೇಕಂತಲೇ ಸುಣ್ಣ ಕಮ್ಮಿ ಹಾಕಿದ ಇನ್ನೊಂದು ಮಗ್ ಸಿದ್ಧ ಇಟ್ಟುಕೊಳ್ಳಿ, ಯಾವುದು ಯಾವುದೆಂದು ಅವರೇ ಹೇಳಲಿ. ಕಬ್ಬಿಣಕ್ಕೆ ತಾಮ್ರ ಯಾಕೆ ಕೂರುತ್ತದೆ, ಸುಣ್ಣ ಹಾಕಿದ ಮೇಲೆ ಯಾಕೆ ಇಲ್ಲ ಎಂದು ಹೇಳಲು ಆಗ ನಿಮಗೆ ಜಾಗ ಸಿಗುತ್ತದೆ. ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ, ನೀರಿನಲ್ಲಿದ್ದ ತಾಮ್ರ ಆ ಜಾಗಕ್ಕೆ ಬರುತ್ತದೆ. ಸುಣ್ಣ ಬಂದ ಮೇಲೆ ತಾಮ್ರ ಕರಗದ ವಸ್ತುವಾಗಿ ಗಟ್ಟಿ ಕೂತುಬಿಡುತ್ತದೆ, ಕಬ್ಬಿಣದ ಕಡೆ ಬರುವುದಿಲ್ಲ.

ಮುಂದಿನ ತಿಂಗಳಿಗೆ ಅರಿಸಿನ. ಆರತಿ ನೀರಿಗೆ ಅರಿಸಿನ, ಸುಣ್ಣ ಹಾಕಿದರೆ ಕೆಂಪಾಗುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೆ ನಿಂಬೆಹಣ್ಣು ಹಿಂಡಿ ಮತ್ತೆ ಹಳದಿ ಮಾಡಿದವರು ಕಮ್ಮಿ. ಅರಿಸಿನ ಬಳಿದು ಒಣಗಿಸಿದ ಕಾಗದದ ಪಟ್ಟಿಗಳನ್ನು ಹಂಚಿ, ಮನೆಯ ಸೋಪು, ಶಾಂಪೂ, ಮಜ್ಜಿಗೆ, ಬಾವಿ ನೀರು ಎಲ್ಲ ಪರೀಕ್ಷೆ ಮಾಡಿ ಬರಲಿ. ಜೊತೆಗೆ ಶಂಖಪುಷ್ಪದ ನೀಲಿ ನೀರನ್ನೂ ಇಡಿ. ಹುಳಿ ಹಾಕಿದರೂ ಅರಿಸಿನ ಹಳದಿಯಾಗಿಯೇ ಇರುತ್ತದೆ, ಶಂಖಪುಷ್ಪ ಮಾತ್ರ ನೇರಳೆ, ಗುಲಾಬಿಗೆ ತಿರುಗುತ್ತದೆ.

ಮೈಲುತುತ್ತ ವಿಷ, ನೆನಪಿರಲಿ. ಆ ಮೇಜಿನ ಮೇಲೆ ತಿಂಡಿ, ಕಾಫಿ ಬೇಡ. ಮಕ್ಕಳು ಕೈ ತೊಳೆಯದೆ ಹೋಗಬಾರದು. ಉಳಿದದ್ದನ್ನು ಹಳ್ಳಕ್ಕೆ ಸುರಿಯಬೇಡಿ, ತಾಮ್ರ ಮೀನಿಗೆ ಆಗದು. ಸುಣ್ಣ ಸರಿಯಾಗಿರುವ ಮಗ್ಗನ್ನು ಪಕ್ಕದ ತೋಟದವರಿಗೆ ಕೊಡಿ. ಅದೇ ದಿನ ಹೊಡೆಯಬೇಕು, ಮರುದಿನಕ್ಕೆ ಕೆಲಸಕ್ಕೆ ಬಾರದು.